ಉಳಿದ ಎರಡು ಬಲ್ಬು

ಹಟ್ಟಿಕೇರಿ
೩-೧-೨೦೦೬

ಪ್ರೀತಿಯ ನಾಗಶ್ರೀಗೆ, ಹಟ್ಟಿಕೇರಿಯ ದೊಡ್ಡಪ್ಪ ಬರೆಯುವುದು.

ನೀನು ಕಾರವಾರದ ಬಸ್ಸು ಹತ್ತಿದ ಮೇಲೆ ನಮ್ಮ ಜಗುಲಿ ಬಿಕೋ ಅನ್ನುತ್ತಿದೆ. ನಿನ್ನ ದೊಡ್ಡಾಯಿ ಗಂಗೂ ಇನ್ನೂ ನೀನಿದ್ದಾಗಿನ ಅಳತೆಯಲ್ಲೇ ಬಂಗಡೆ ಮೀನಿನ ಸಾರು ಮಾಡುತ್ತಾಳೆ, ಉಳಿದದ್ದನ್ನು ನಾನು ಮೂರು ಹೊತ್ತೂ ತಿನ್ನಬೇಕು. ಫೋನು ಮಾಡಬಹುದಲ್ಲ ಅಂತ ನೀನು ಅಂದೀಯಾ. ನನ್ನ ಕಿವಿಯ ಕಥೆ ನಿನಗೆ ಗೊತ್ತೇ ಇದೆ. ಪಂಪ್ ಹೌಸಿನಲ್ಲಿ ಅಷ್ಟು ವರ್ಷ ಮೋಟರಿನ ಪಕ್ಕ ಕೂತದ್ದಕ್ಕೆ ಸಿಕ್ಕಿದ ಉಡುಗೊರೆ ಅದು. ಫೋನಿನಲ್ಲಿ ನನಗೆ ಗಾಳಿ ಬೀಸಿದ ಹಾಗೆ ಮಾತ್ರ ಕೇಳ್ತದೆ. ಅದಕ್ಕೇ ಈ ಕಾಗದ.

ಈ ಸಲ ನೀನು ಜಗುಲಿಯ ಸೈಕಲ್ ತುಳಿದದ್ದನ್ನು ನಾನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ಹಿಂದಿನ ಚಕ್ರಕ್ಕೆ ಬೆಲ್ಟು, ಬೆಲ್ಟಿನ ಆಚೆ ತುದಿಗೆ ಹಳೇ ಅಂಬಾಸಿಡರಿನ ಡೈನಮೋ, ಡೈನಮೋದಿಂದ ಸಾಲಾಗಿ ಐದು ಹೆಡ್‌ಲೈಟ್ ಬಲ್ಬು. ಇಷ್ಟು ಕಟ್ಟಲಿಕ್ಕೆ ನನಗೆ ಒಂದು ಮಳೆಗಾಲ ಹಿಡಿಯಿತು. ಹಟ್ಟಿಕೇರಿಯ ಗಂಡಸರೆಲ್ಲ ಒಮ್ಮೆಯಾದರೂ ಅದರ ಮೇಲೆ ಕೂತಿದ್ದಾರೆ. ಬಲೆ ಎಳೆಯುವ ಬೀರಾನ ತೊಡೆ ನೋಡಿದ್ದೀಯಲ್ಲ, ಅವನೂ ಎರಡು ಬಲ್ಬಿಗೆ ಉಸ್ಸೆಂದು ಇಳಿದ. ನೀನು ಮೂರು ಬಲ್ಬನ್ನು ಹೊತ್ತಿಸಿ, ದೊಡ್ಡಾಯಿ ಅನ್ನಕ್ಕಿಟ್ಟು ಬಸಿದು ಬರುವವರೆಗೂ ಆರಲಿಕ್ಕೆ ಬಿಡಲಿಲ್ಲ. ಆಮೇಲೆ ನಾನು ಡೈನಮೋ ಮುಟ್ಟಿ ಕೈ ಸುಟ್ಟುಕೊಂಡೆ. "ಇದರ ಮೇಲೆ ಬಂಗಡೆ ಹುರೀಲಿಕ್ಕೆ ಅಡ್ಡಿಲ್ಲ" ಅಂತ ದೊಡ್ಡಾಯಿ ನಗಾಡಿದಳು.

ನಾನು ಓದಿದ ಮಟ್ಟಿಗೆ ಹೇಳುತ್ತೇನೆ, ಸಾಧಾರಣ ಮನುಷ್ಯ ತಾಸುಗಟ್ಟಲೆ ತುಳಿದರೆ ಒಂದು ಎಚ್.ಪಿ. ಮೋಟರಿನ ಹತ್ತರಲ್ಲೊಂದು ಪಾಲು ಕೊಟ್ಟಾನು. ಗಟ್ಟಿಗನಾದರೆ ನಾಲ್ಕರಲ್ಲೊಂದು. ದೇವರು ನಮಗೆ ಕೊಟ್ಟ ಮೋಟರು ಅಷ್ಟೇ. ನಿನ್ನದು ಒಳ್ಳೇ ಮೋಟರು ತಂಗೀ.

ಇಪ್ಪತ್ತಾರನೇ ತಾರೀಕಿನ ಅಂಕೋಲಾ–ಕಾರವಾರ ಸೈಕಲ್ ಸ್ಪರ್ಧೆಗೆ ನಿನ್ನ ಹೆಸರು ಬರೆಸಿದ್ದೇನೆ. ಗಂಡು ಹೆಣ್ಣು ಎಲ್ಲ ಒಟ್ಟಿಗೇ. ಗೆದ್ದವರ ಹೆಸರು ಜಿಲ್ಲೆಯ ತಂಡಕ್ಕೆ ಹೋಗ್ತದೆ ಅಂತ ಸಮಿತಿಯ ಮಾದೇವ ಹೇಳಿದ. ನನ್ನನ್ನೂ ಸಮಿತಿಗೆ ಸೇರಿಸಿಕೊಂಡಿದ್ದಾನೆ. "ನೀವು ಲೆಕ್ಕದವರು, ಮೂಲೆಯಲ್ಲಿ ಕೂತಿರಿ ಸಾಕು" ಅಂದ.

ಮನೆಯಲ್ಲಿ ನಿನ್ನ ಆಯಿಗೆ ಕೇಳಿದೆ ಅಂತ ಹೇಳು.

ನಿನ್ನ ದೊಡ್ಡಪ್ಪ
ಹರಿಶ್ಚಂದ್ರ


ಹಬ್ಬುವಾಡ, ಕಾರವಾರ
೧೨-೧-೨೦೦೬

ದೊಡ್ಡಪ್ಪನಿಗೆ ನಮಸ್ಕಾರ,

ನಿಮ್ಮ ಕಾಗದವನ್ನು ಆಯಿಗೆ ಓದಿ ಹೇಳಿದೆ. "ಅವರು ಮನುಷ್ಯರನ್ನು ಕಂಡರೆ ಮೊದಲು ಎಷ್ಟು ವ್ಯಾಟು ಅಂತ ನೋಡ್ತಾರೆ, ಆಮೇಲೆ ಊಟ ಆಯ್ತಾ ಕೇಳ್ತಾರೆ" ಅಂದಳು. ಬೇಜಾರು ಮಾಡಿಕೊಳ್ಳಬೇಡಿ, ನಗ್ತಾನೇ ಅಂದದ್ದು.

ದಿನಾ ಬೆಳಿಗ್ಗೆ ಬಿಣಗಾ ಏರು ಹತ್ತಿ ಇಳಿದು ಅಮದಳ್ಳಿವರೆಗೆ ಹೋಗಿ ಬರ್ತೇನೆ. ರಸ್ತೆ ತುಂಬ ಅದಿರು ಲಾರಿ. ಮನೆಗೆ ಬರುವಾಗ ಕೆಂಪು ದೂಳಿನಲ್ಲಿ ನನ್ನ ಗುರುತೇ ಸಿಗುವುದಿಲ್ಲ. ಕಾಲೇಜಿಗೆ ಹೋದರೆ ಗೆಳತಿಯರು "ಕುಂಕುಮಾರ್ಚನೆ ಆಯ್ತೇನೆ?" ಅಂತ ಕೇಳ್ತಾರೆ.

ಒಂದು ಸಂಗತಿ ಕೇಳಬೇಕಿತ್ತು. ಕೆಲವು ಹುಡುಗರು ಏರಿನಲ್ಲಿ ಲಾರಿಯ ಹಿಂದಿನ ಸರಪಳಿ ಹಿಡಿದುಕೊಂಡು ಹತ್ತುತ್ತಾರೆ. ನಾನು ಹಿಡಿಯುವುದಿಲ್ಲ. ಆದರೆ ಮೊನ್ನೆ ಒಂದು ಲಾರಿ ನನ್ನನ್ನು ದಾಟಿ ಮುಂದೆ ಬಂತು, ನಾನು ಅದರ ಬೆನ್ನಿಗೇ ಸ್ವಲ್ಪ ಹೊತ್ತು ಉಳಿದೆ. ಮುಟ್ಟಲಿಲ್ಲ. ಕಾಲು ಒಮ್ಮೆಗೇ ಹಗುರ ಆಯ್ತು ದೊಡ್ಡಪ್ಪ, ಯಾರೋ ಬೆನ್ನಿಗೆ ಕೈ ಕೊಟ್ಟ ಹಾಗೆ. ಅದು ಯಾಕೆ ಹಾಗಾಗ್ತದೆ? ಮತ್ತೆ, ಸ್ಪರ್ಧೆಯಲ್ಲಿ ಹಾಗೆ ಹೋದರೆ ಅದು ಮೋಸವಾ? ಎರಡಕ್ಕೂ ಬರೆಯಿರಿ.

ನಿಮ್ಮ
ನಾಗಶ್ರೀ


ಹಟ್ಟಿಕೇರಿ
೧೭-೧-೨೦೦೬

ನಾಗಶ್ರೀ, ಜಾಣೆ,

ಎಂಥ ಪ್ರಶ್ನೆ ಕೇಳಿದೆ ಮಾರಾಯ್ತಿ. ನಿನ್ನ ಕಾಗದ ಬಂದಾಗಿನಿಂದ ಗ್ರಂಥಾಲಯದಿಂದ ತಂದ ಪುಸ್ತಕ ಬಿಡಿಸಿಕೊಂಡು ಕೂತಿದ್ದೇನೆ. ಊಟಕ್ಕೆ ಕರೆದು ಕರೆದು ಸಾಕಾಗಿ ದೊಡ್ಡಾಯಿ ತಟ್ಟೆ ತಂದು ಪುಸ್ತಕದ ಮೇಲೇ ಇಟ್ಟಳು.

ಸೈಕಲ್ ಹೊಡೆಯುವವನ ವೈರಿ ರಸ್ತೆ ಅಲ್ಲ, ಗಾಳಿ. ಮೆಲ್ಲಗೆ ಹೋಗುವಾಗ ಅದು ಸುಮ್ಮನಿರ್ತದೆ. ವೇಗ ಎರಡು ಪಟ್ಟು ಮಾಡು ನೋಡುವ, ಬರೀ ಗಾಳಿಗೆಂದೇ ಎಂಟು ಪಟ್ಟು ಶಕ್ತಿ ಕೊಡಬೇಕು. ಅದಕ್ಕೇ ಎಂಥ ಗಟ್ಟಿಗನಿಗೂ ಒಂದು ವೇಗದ ಆಚೆ ಗೋಡೆ ಅಡ್ಡ ಬರ್ತದೆ. ಲಾರಿ ಆ ಗಾಳಿಯನ್ನು ತಾನು ಸೀಳಿಕೊಂಡು ಹೋಗ್ತದೆ, ಅದರ ಬೆನ್ನಿಗೆ ಒಂದು ಪೊಳ್ಳು ಉಳಿಯುತ್ತದೆ. ನೀನು ಆ ಪೊಳ್ಳಿನಲ್ಲಿ ಇದ್ದೆ. ಹೊರದೇಶದಲ್ಲಿ ಮುಂದೆ ಕಾರು ಬಿಟ್ಟುಕೊಂಡು, ಅದರ ಬೆನ್ನಿನ ಮರೆಯಲ್ಲಿ ತುಳಿದು ತಾಸಿಗೆ ಇನ್ನೂರು ಕಿಲೋಮೀಟರು ದಾಟಿದವರಿದ್ದಾರೆ. ಮನುಷ್ಯನ ಕಾಲು ಅದೇ, ಗಾಳಿ ತೆಗೆದುಬಿಟ್ಟರೆ ಸಾಕು.

ಹಾಳೆಯ ಹಿಂದೆ ಚಿತ್ರ ಬರೆದಿದ್ದೇನೆ. ಬಾಣದ ಗುರುತು ಇದ್ದದ್ದು ಗಾಳಿ, ಲಾರಿಯ ಹಿಂದೆ ಜಡೆ ಇದ್ದದ್ದು ನೀನು. ಇನ್ನೆರಡು ಹಾಳೆಯಲ್ಲಿ ಲೆಕ್ಕ ಇದೆ, ಪುರುಸೊತ್ತು ಮಾಡಿಕೊಂಡು ನೋಡು. ಜಾಗ ಮುಗಿಯಿತು, ನಿಲ್ಲಿಸುತ್ತೇನೆ. ಹೊರಡುವಲ್ಲಿ ಬಾವುಟ ಹಿಡಿದು ನಿಂತಿರ್ತೇನೆ, ನನ್ನ ಕಡೆ ನೋಡದೆ ಹೊರಡು.

ದೊಡ್ಡಪ್ಪ


ಹಟ್ಟಿಕೇರಿ
೩೦-೧-೨೦೦೬

ನಾಗಶ್ರೀಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನೆ ಅಂಕೋಲೆಯ ಮೈದಾನದಲ್ಲಿ ಬಹುಮಾನದ ಸಭೆಯ ಹೊತ್ತಿಗೆ ನಿನ್ನ ಹತ್ತಿರ ಮಾತಾಡಬೇಕೆಂದಿದ್ದೆ. ನಾನು ವೇದಿಕೆ ಇಳಿಯುವಷ್ಟರಲ್ಲಿ ನೀನೂ ಆಯಿಯೂ ಎದ್ದು ಹೋಗಿದ್ದಿರಿ. ಬಸ್ಸಿಗೆ ತಡವಾಗಿತ್ತೇನೋ.

ಆದದ್ದನ್ನು ನಾನೇ ನಿನಗೆ ಬಿಡಿಸಿ ಹೇಳಬೇಕು. ನೀನು ಮೊದಲು ಮುಟ್ಟಿದೆ, ಆ ಹುಡುಗ ಸಂಕೇತ ನಿನ್ನ ಹಿಂದೆ ಎರಡು ನಿಮಿಷಕ್ಕೆ ಬಂದ. ಅವನ ಕಡೆಯವರು, ಹಾದಿಯಲ್ಲಿ ನೀನು ಲಾರಿಯ ಸರಪಳಿ ಹಿಡಿದಿದ್ದೆ ಅಂತ ದೂರು ಕೊಟ್ಟರು. ನೀನು ಹಿಡಿಯಲಿಲ್ಲ ಅಂದೆಯಂತೆ, ಮತ್ತೆ ಏನು ಕೇಳಿದರೂ ಬಾಯಿ ಬಿಡಲಿಲ್ಲವಂತೆ. ಮಾರನೇ ದಿನ ಮಾದೇವ ನಮ್ಮ ಮನೆಗೆ ಬಂದ. "ಸಾಕ್ಷಿ ಇಲ್ಲ, ನಿಮ್ಮ ಲೆಕ್ಕ ಏನು ಹೇಳ್ತದೆ ಬರೆದು ಕೊಡಿ. ನಿಮ್ಮ ಮನೆಯ ಹುಡುಗಿ, ನೀವು ಹೇಳಿದರೆ ಯಾರೂ ಎದುರು ಮಾತಾಡುವುದಿಲ್ಲ" ಅಂತ ಸ್ಲೇಟಿನ ಮೇಲೆ ಬರೆದು ತೋರಿಸಿದ.

ನಾನು ಇದ್ದದ್ದನ್ನು ಬರೆದುಕೊಟ್ಟೆ. ನೀನು ಬಂದ ವೇಗಕ್ಕೆ ಎಷ್ಟು ಶಕ್ತಿ ಬೇಕು ಅಂತ ತೆಗೆದರೆ ಐದು ಬಲ್ಬಿನಷ್ಟಾಗ್ತದೆ. ಜಗುಲಿಯಲ್ಲಿ ನಾನೇ ಕಂಡದ್ದು ಮೂರು. "ಈ ಹುಡುಗಿಯ ಕಾಲಿನದು ಮೂರು ಬಲ್ಬು, ಉಳಿದ ಎರಡು ಬಲ್ಬು ಬೇರೆಲ್ಲಿಂದಲೋ ಬಂದಿವೆ" ಅಂತ ಕೊನೆಗೆ ಬರೆದೆ. ಮಾದೇವ ಅದನ್ನು ಮೈಕಿನಲ್ಲಿ ಓದಿದ. ನನಗೆ ಕೇಳಲಿಲ್ಲ, ಆದರೆ ಆ ಸಾಲು ಬಂದಾಗ ಮೈದಾನ ಇಡೀ ನಕ್ಕದ್ದು ಕಂಡಿತು. ಲೆಕ್ಕವನ್ನು ಜನ ಇಷ್ಟು ಖುಷಿಯಿಂದ ಕೇಳ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಎದ್ದು ನಿಂತು ಕೈ ಮುಗಿದೆ.

ಮೊದಲ ಬಹುಮಾನದ ಕಪ್ಪು ಸಂಕೇತನ ಪಾಲಾಯಿತು, ಆದರೆ ನನಗೆ ನಿನ್ನ ಮೇಲೆ ಸಿಟ್ಟಿಲ್ಲ ತಂಗೀ. ಹರೆಯ, ಕೈ ಒಮ್ಮೆ ತಾನಾಗಿ ಚಾಚಿರಬಹುದು. ಸ್ವಂತ ಮನೆಯವಳು ಅಂತ ಲೆಕ್ಕ ತಿರುಚಿದ್ದರೆ ನಾಳೆ ನೀನೇ ನನ್ನನ್ನು ಮರ್ಯಾದೆಯಿಂದ ನೋಡುತ್ತಿರಲಿಲ್ಲ. ಬರುವ ವರ್ಷ ಇದೆಯಲ್ಲ.

ದೊಡ್ಡಪ್ಪ


ಹಟ್ಟಿಕೇರಿ
೧೨-೨-೨೦೦೬

ನಾಗಶ್ರೀಗೆ,

ಕಾಗದ ಮುಟ್ಟಿತೋ ಇಲ್ಲವೋ ಗೊತ್ತಾಗಲಿಲ್ಲ. ದೊಡ್ಡಾಯಿ ಫೋನು ಮಾಡಿದ್ದಳು. ನೀನು "ಚಲೋ ಇದ್ದೇನೆ" ಅಂದೆಯಂತೆ. ಮತ್ತೇನಂದಳು ಅಂತ ಕೇಳಿದರೆ "ಮತ್ತೆ ಎಂತ ಹೇಳಲಿಕ್ಕಿದೆ?" ಅಂತ ನನಗೇ ತಿರುಗಿ ಕೇಳಿ ಒಳಗೆ ಹೋದಳು. ಈಚೆಗೆ ಅವಳು ನನ್ನ ಹತ್ತಿರ ಮಾತಾಡುವಾಗ ಕಿವಿಯ ಹತ್ತಿರ ಬರುವುದಿಲ್ಲ. ದೂರದಿಂದ ಬಾಯಿ ಆಡಿಸ್ತಾಳೆ, ಬೇಕಾದರೆ ತಿಳಿದುಕೋ ಅನ್ನುವ ಹಾಗೆ.

ಬಸ್ಸಿನವರ ಕೈಯಲ್ಲಿ ಒಣ ಸಿಗಡಿಯ ಕಟ್ಟು ಕಳಿಸಿದ್ದೆ. ಸಿಕ್ಕಿತಾ? ಏರು ಹತ್ತುವುದು ಹೇಗೆ ನಡೀತಾ ಇದೆ? ಎರಡು ಸಾಲು ಬರೆ.

ದೊಡ್ಡಪ್ಪ


ಹಬ್ಬುವಾಡ, ಕಾರವಾರ
೨೦-೨-೨೦೦೬

ದೊಡ್ಡಪ್ಪನವರಿಗೆ,

ಸಿಗಡಿ ಸಿಕ್ಕಿತು. ಆಯಿ ಥ್ಯಾಂಕ್ಸ್ ಹೇಳಿದಳು. ನನಗೆ ಪರೀಕ್ಷೆ ಹತ್ತಿರ ಬಂದಿದೆ. ಸೈಕಲ್ ಹಿತ್ತಲಿನ ಮಾಡಿನ ಕೆಳಗೆ ಇದೆ, ಗೋಣಿಚೀಲ ಮುಚ್ಚಿದ್ದೇವೆ.

ನಾಗಶ್ರೀ


ಹಟ್ಟಿಕೇರಿ
೬-೩-೨೦೦೬

ನಾಗಶ್ರೀ,

ನಿನ್ನೆ ಸಂಕೇತ ನಮ್ಮ ಮನೆಗೆ ಬಂದಿದ್ದ. ಅದರಿಂದಲೇ ಶುರು ಮಾಡುತ್ತೇನೆ, ಇಲ್ಲವಾದರೆ ಈ ಕಾಗದ ಮುಂದೆ ಹೋಗುವುದಿಲ್ಲ.

ಜಗುಲಿಯ ಸೈಕಲ್ ನೋಡಬೇಕು ಅಂತ ಗೆಳೆಯರನ್ನು ಕಟ್ಟಿಕೊಂಡು ಬಂದದ್ದು. ನನ್ನ ಕಿವಿಗೆ ಬಾಯಿಟ್ಟು "ಅಜ್ಜಾ, ಐದೂ ಹೊತ್ತಿಸಿ ಕೊಡ್ತೇನೆ, ಕಣ್ಣಿಗೆ ಕೈ ಅಡ್ಡ ಇಟ್ಟುಕೊಳ್ಳಿ" ಅಂದ. ದೊಡ್ಡಾಯಿ ಮೆಟ್ಟಿಲ ಮೇಲೆ ಮೀನು ಹೆರೆಯುತ್ತಿದ್ದಳು, ಅವರಿಗೆ ಚಾ ಬೇಕಾ ಅಂತಲೂ ಕೇಳಲಿಲ್ಲ. ಹುಡುಗ ಹಲ್ಲು ಕಚ್ಚಿ ತುಳಿದ. ಎರಡು ಬಲ್ಬು ಹೊತ್ತಿದವು. ಮೂರನೆಯದು ಬೀಡಿಯ ತುದಿಯಷ್ಟು ಕೆಂಪಾಯಿತು, ಅಷ್ಟೇ. ಇಳಿದು ಮತ್ತೆ ಹತ್ತಿದ. ಮತ್ತೆ ಅಷ್ಟೇ. ಆಗ ದೊಡ್ಡಾಯಿ ಎದ್ದು ಬಂದು, ನನಗೂ ಕೇಳಲಿ ಅಂತ ಗಂಟಲು ಎತ್ತಿ, "ಉಳಿದ ಬಲ್ಬು ನಿನಗೆ ಎಲ್ಲಿಂದ ಬಂದಿದ್ದವೋ ತಮಾ?" ಅಂದಳು. ಗೆಳೆಯರು ನಕ್ಕರು. ಅವನು ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ಹೊರಟ.

ನಾನು ಅಲ್ಲೇ ಕೂತೆ. ನಿನ್ನ ಹಿಂದೆ ಎರಡೇ ನಿಮಿಷಕ್ಕೆ ಮುಟ್ಟಿದವನು ಅವನು. ನನ್ನ ಲೆಕ್ಕದ ಪ್ರಕಾರ ಅವನಿಗೂ ಐದರ ಹತ್ತಿರ ಬೇಕು. ಅವನನ್ನು ಯಾರೂ ಕೇಳಲಿಲ್ಲ, ಅವನಿಗಾಗಿ ನಾನು ಲೆಕ್ಕವನ್ನೇ ಮಾಡಿರಲಿಲ್ಲ. ಹಾಗಾದರೆ ತಪ್ಪಿದ್ದು ಎಲ್ಲಿ? ಡೈನಮೋದ ಮೇಲೆ ಕೈ ಇಟ್ಟೆ. ಸುಟ್ಟಿತು.

ಆ ಬಿಸಿ ಎಲ್ಲಿಂದ ಬಂತು ಅಂತ ನನಗೆ ಇಷ್ಟು ದಿನ ತೋಚಲಿಲ್ಲ ನೋಡು. ಪಂಪ್ ಹೌಸಿನಲ್ಲಿ ಐದು ಎಚ್.ಪಿ. ಮೋಟರು ಮೇಲಿನ ಟಾಕಿಗೆ ಎತ್ತುತ್ತಿದ್ದದ್ದು ಮೂರು ಎಚ್.ಪಿ.ಯಷ್ಟೇ ನೀರು. ಉಳಿದದ್ದು ಬಿಸಿ, ತಿಕ್ಕಾಟ, ಸದ್ದು. ಆ ಸದ್ದೇ ನನ್ನ ಕಿವಿ ತಿಂದದ್ದು. ಮೈಯಲ್ಲಿ ಇಟ್ಟುಕೊಂಡು ತಿರುಗುವ ಪಾಠವನ್ನು ನಿನ್ನ ವಿಷಯದಲ್ಲಿ ಮರೆತೆ. ಬಲ್ಬಿಗೆ ಮುಟ್ಟಿದ್ದು ಮೂರು. ನಿನ್ನ ಕಾಲು ಕೊಟ್ಟದ್ದು ಐದು. ಉಳಿದ ಎರಡು ಬಲ್ಬು ಬೇರೆಲ್ಲೂ ಹೋಗಿರಲಿಲ್ಲ, ನನ್ನ ಬೆಲ್ಟು ಮತ್ತು ಡೈನಮೋ ನುಂಗಿದ್ದವು. ಬಂಗಡೆ ಹುರಿಯಬಹುದು ಅಂದದ್ದು ನಿನ್ನ ದೊಡ್ಡಾಯಿ. ನನಗಿಂತ ಅವಳೇ ಹತ್ತಿರ ಇದ್ದಳು.

ಆ ದಿನ ಮೈದಾನದಲ್ಲಿ ಜನ ಯಾಕೆ ನಕ್ಕರು ಅಂತ ಅವಳನ್ನು ನಿನ್ನೆ ಕೇಳಿದೆ. ಹೇಳಲಿಕ್ಕೆ ಮನಸ್ಸಿರಲಿಲ್ಲ. ಒತ್ತಾಯ ಮಾಡಿದ ಮೇಲೆ ಕಿವಿಯ ಹತ್ತಿರ ಬಂದು ಹೇಳಿದಳು. ಮಾದೇವ "ಉಳಿದ ಎರಡು ಬಲ್ಬು" ಅಂತ ಓದಿದಾಗ ಹಿಂದಿನಿಂದ ಯಾರೋ "ಲಾರಿಯ ಹೆಡ್‌ಲೈಟು" ಅಂತ ಕೂಗಿದರಂತೆ. ಅದಕ್ಕೆ ನಕ್ಕದ್ದು. ಈಗ ನಿನ್ನ ಕಾಲೇಜಿನ ದಾರಿಯಲ್ಲೂ ಹುಡುಗರು "ಎರಡು ಬಲ್ಬು ಬಂತು" ಅಂತಾರಂತೆ. ನನ್ನ ಸಾಲು ಅದು. ಬರೆದು ಮುಗಿಸಿ, ಚೆನ್ನಾಗಿ ಬಂತು ಅಂತ ಎರಡು ಸಲ ಓದಿಕೊಂಡಿದ್ದೆ.

ಆ ನಗೆಗೆ ನಾನು ಎದ್ದು ನಿಂತು ಕೈ ಮುಗಿದೆ ನಾಗಶ್ರೀ. ಕಣ್ಣು ಮುಚ್ಚಿದರೆ ಅದೇ ಕಾಣ್ತದೆ, ವೇದಿಕೆಯ ಮೇಲೆ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತ ನಾನು.

ನಾಳೆ ಮಾದೇವನ ಹತ್ತಿರ ಹೋಗುತ್ತೇನೆ.

ದೊಡ್ಡಪ್ಪ


ಹಬ್ಬುವಾಡ, ಕಾರವಾರ
೧೫-೩-೨೦೦೬

ದೊಡ್ಡಪ್ಪನಿಗೆ,

ನಿಮ್ಮ ಕಾಗದ ಓದಿದೆ. ಆಯಿಗೆ ಓದಿ ಹೇಳಲಿಲ್ಲ.

ಐದೂ ಬಲ್ಬು ನನ್ನದೇ ಅಂತ ಬರೆದಿದ್ದೀರಿ. ಅದು ಪೂರ್ತಿ ಸರಿ ಅಲ್ಲ. ಹಾದಿಯಲ್ಲಿ ಒಂದು ಅದಿರು ಲಾರಿ ನನ್ನ ಮುಂದೆ ಬಂತು, ನಾನು ಅದರ ಬೆನ್ನಿಗೆ ಸ್ವಲ್ಪ ದೂರ ಹೋದೆ. ಸರಪಳಿ ಹಿಡಿಯಲಿಲ್ಲ, ಮುಟ್ಟಲಿಲ್ಲ. ನೀವು ಚಿತ್ರ ಬರೆದು ಕಳಿಸಿದ್ದಿರಲ್ಲ, ಆ ಪೊಳ್ಳಿನಲ್ಲಿ ಇದ್ದೆ. ಸಂಕೇತ ನನ್ನ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಅದೇ ಪೊಳ್ಳಿನಲ್ಲಿ ಇದ್ದ. ಲಾರಿ ಇತ್ತು ಅಂತ ಅವನಿಗೆ ಗೊತ್ತಾದದ್ದೇ ಹಾಗೆ. ಏರಿನಲ್ಲಿ ಅವನು ಹಿಂದೆ ಬಿದ್ದ.

ಮಾದೇವಣ್ಣ ಕೇಳಿದಾಗ ಹಿಡಿಯಲಿಲ್ಲ ಅಂದೆ. ಮುಂದಿನದು ಹೇಳಲಿಕ್ಕೆ ಬಾಯಿ ಬರಲಿಲ್ಲ. ಹಿಂದೆ ಹೋದದ್ದು ಮೋಸ ಹೌದೋ ಅಲ್ಲವೋ ನನಗೇ ಗೊತ್ತಿರಲಿಲ್ಲ. ನಿಮ್ಮನ್ನು ಎರಡು ಪ್ರಶ್ನೆ ಕೇಳಿದ್ದೆ. ನೀವು ಒಂದಕ್ಕೆ ಮೂರು ಹಾಳೆ ಬರೆದಿರಿ.

ಸಭೆಯಲ್ಲಿ ನಿಮ್ಮ ಲೆಕ್ಕ ಓದುವಾಗ ನೀವು ನನ್ನ ಕಡೆ ನೋಡಿ ನಗುತ್ತಿದ್ದಿರಿ. ದೊಡ್ಡಪ್ಪನಿಗೆ ಪೊಳ್ಳಿನ ವಿಷಯ ತಿಳಿದುಹೋಗಿದೆ, ಅದು ಮೋಸ ಅಂತಲೇ ತೀರ್ಮಾನ ಮಾಡಿದ್ದಾರೆ ಅಂದುಕೊಂಡೆ. ನಾಚಿಕೆಯಿಂದ ಎದ್ದು ಹೋದೆ. ಬಸ್ಸಿಗೆ ತಡ ಆಗಿರಲಿಲ್ಲ. ಸ್ಟ್ಯಾಂಡಿನಲ್ಲಿ ಕೂತು ಎರಡು ಬಸ್ಸು ಬಿಟ್ಟೆವು, ನೀವು ಹುಡುಕಿಕೊಂಡು ಬರ್ತೀರಿ ಅಂತ.

ಮಾದೇವಣ್ಣ ನಿಮ್ಮ ಮನೆಗೆ ಬಂದ ದಿನ ನೀವು ಕಾರವಾರದ ಬಸ್ಸು ಹತ್ತಿದ್ದರೆ ಒಂದು ತಾಸಿನಲ್ಲಿ ನಮ್ಮ ಮನೆ. ನಿಮಗೆ ಕೇಳಿಸದಿದ್ದರೆ ನಾನು ಸ್ಲೇಟಿನಲ್ಲಿ ಬರೆಯುತ್ತಿದ್ದೆ. ನೀವು ಬಲ್ಬುಗಳನ್ನು ಕೇಳಿದಿರಿ. ನನ್ನನ್ನು ಕೇಳಲಿಲ್ಲ.

ಇಷ್ಟು ಬರೆದದ್ದಕ್ಕೆ ಕ್ಷಮಿಸಿ.

ನಾಗಶ್ರೀ


ಹಟ್ಟಿಕೇರಿ
೨೭-೩-೨೦೦೬

ನಾಗಶ್ರೀ,

ಕ್ಷಮೆ ಕೇಳಬೇಕಾದವಳು ನೀನಲ್ಲ. ಆ ಎರಡು ಬಸ್ಸಿನ ಹೊತ್ತು ನಾನೇನು ಮಾಡುತ್ತಿದ್ದೆ ಅಂತ ಹೇಳಿಬಿಡುತ್ತೇನೆ. ವೇದಿಕೆಯ ಹಿಂದೆ ಕೂತು ನಾಲ್ಕು ಜನರಿಗೆ ವೇಗ ಮತ್ತು ಗಾಳಿಯ ಲೆಕ್ಕ ವಿವರಿಸುತ್ತಿದ್ದೆ. ಅವರು ತಲೆ ಆಡಿಸುತ್ತಿದ್ದರು.

ಮಾದೇವನ ಹತ್ತಿರ ಹೋಗಿ ಬಂದೆ. ಸ್ಲೇಟಿನಲ್ಲಿ "ಕಪ್ಪು ಕೊಟ್ಟಾಗಿದೆ. ಹೆಸರು ಜಿಲ್ಲೆಗೆ ಹೋಗಿಯಾಗಿದೆ. ಈಗ ಎಬ್ಬಿಸಬೇಡಿ" ಅಂತ ಬರೆದ. ನಾನು ಅದರ ಕೆಳಗೆ "ನನ್ನ ಲೆಕ್ಕ ಓದಲಿಕ್ಕೆ ಮೈಕು ಇತ್ತು, ತಪ್ಪಾಯಿತು ಅನ್ನಲಿಕ್ಕೆ ಇಲ್ಲವಾ?" ಅಂತ ಬರೆದೆ. ಅವನು ಒರೆಸಿ ಸ್ಲೇಟು ವಾಪಸು ಕೊಟ್ಟ. ನಿನ್ನ ಹೆಸರನ್ನು ಈ ವರ್ಷ ನನ್ನಿಂದ ತಂಡಕ್ಕೆ ಸೇರಿಸಲಿಕ್ಕೆ ಆಗಲಿಲ್ಲ. ಅದನ್ನು ಸುತ್ತಿ ಬಳಸಿ ಬರೆಯುವುದಿಲ್ಲ.

ಮೊನ್ನೆ ಶನಿವಾರ ಸಂಜೆ ಬೀರಾನ ಮೀನಿನ ಗಾಡಿಯಲ್ಲಿ ಸೈಕಲ್, ಡೈನಮೋ, ಬಲ್ಬು ಎಲ್ಲ ಹೇರಿಕೊಂಡು ಅಂಕೋಲೆಯ ಅದೇ ಮೈದಾನಕ್ಕೆ ಹೋದೆ. ವಾಲಿಬಾಲ್ ಆಡುವವರು, ಕಡಲೆಯವರು, ಸುಮ್ಮನೆ ನಿಂತವರು, ಎಲ್ಲ ಸುತ್ತ ಸೇರಿದರು. ದೊಡ್ಡಾಯಿಯೂ ಬಂದಿದ್ದಳು, ನಾನು ಕರೆದಿರಲಿಲ್ಲ. ನಾನೇ ಹತ್ತಿ ತುಳಿದೆ. ಒಂದು ಬಲ್ಬು, ಅದೂ ಅರ್ಧ ಜೀವ. ಜನ ನಕ್ಕರು. ಈ ಸಲ ಕೈ ಮುಗಿಯಲಿಲ್ಲ. ದೊಡ್ಡಾಯಿಯ ಕಡೆ ಕಿವಿ ಒಡ್ಡಿ, ಎಂತ ಅಂತಾರೆ ಅಂತ ಕೇಳಿದೆ. "ಅಜ್ಜನ ಬಲ್ಬು ಫ್ಯೂಸು ಅಂತಾರೆ" ಅಂದಳು. ಹೌದು ಅಂದೆ. ಆಮೇಲೆ ಡೈನಮೋ ಮುಟ್ಟಿ ನೋಡಿ ಅಂತ ಒಬ್ಬೊಬ್ಬರನ್ನೇ ಕರೆದೆ. ಈ ಬಿಸಿ ಲೆಕ್ಕಕ್ಕೆ ಹಿಡಿಯದೆ ನನ್ನ ತಮ್ಮನ ಮಗಳನ್ನು ಇದೇ ಮೈದಾನದಲ್ಲಿ ಕಳ್ಳಿ ಮಾಡಿದೆ, ತಪ್ಪು ನನ್ನದು, ಅವಳು ಲಾರಿ ಹಿಡಿದಿರಲಿಲ್ಲ ಅಂದೆ. ನನ್ನ ದನಿ ಎಷ್ಟು ದೂರ ಹೋಯಿತೋ ನನಗೆ ತಿಳಿಯುವುದಿಲ್ಲ. ಕೆಲವರು ಮುಟ್ಟಿ ಕೈ ಹಿಂದೆ ತೆಗೆದುಕೊಂಡರು. ಕೆಲವರು ಕಡಲೆ ತಿನ್ನುತ್ತಾ ಹೋದರು. ಸಂಕೇತ ವಾಲಿಬಾಲ್ ನೆಟ್ಟಿನ ಆಚೆ ನಿಂತಿದ್ದ, ಹತ್ತಿರ ಬರಲಿಲ್ಲ. ಲಾರಿಯ ಬೆನ್ನಿನ ವಿಷಯ ನಾನು ಎತ್ತಲಿಲ್ಲ. ಹೇಳುವುದೋ ಬಿಡುವುದೋ ನಿನಗೆ ಸೇರಿದ್ದು.

ಈಗ ನಿನ್ನ ಎರಡನೇ ಪ್ರಶ್ನೆ. ಜನವರಿಯಲ್ಲಿ ಬರೆಯಬೇಕಾಗಿದ್ದ ಉತ್ತರ. ಅದು ಮೋಸ ಅಲ್ಲ. ನಾವು ಬರೆದ ನಿಯಮದಲ್ಲಿ ವಾಹನ ಹಿಡಿಯಬಾರದು ಅಂತ ಇತ್ತು, ನೀನು ಹಿಡಿಯಲಿಲ್ಲ. ಹಿಂದೆಯೂ ಹೋಗಬಾರದು ಅಂತ ಬರೆಯುವ ಬುದ್ಧಿ ನಮಗೆ ಇರಲಿಲ್ಲ. ಗಾಳಿಯ ವಿಷಯ ಬಲ್ಲವನು ಸಮಿತಿಯಲ್ಲಿ ನಾನೊಬ್ಬನೇ, ಬರೆಸಬೇಕಾದವನೂ ನಾನೇ. ಅಷ್ಟು ದೂರದ ಹಗುರವನ್ನು ನಿನ್ನ ಕಾಲಿನದು ಅಂತ ಎಣಿಸಿಕೊಳ್ಳಬೇಡ. ಆದರೆ ನಾಚಿಕೆ ಪಡಬೇಡ. ಅದಕ್ಕೆ ನಾನಿದ್ದೇನೆ.

ಜಗುಲಿಯಿಂದ ಬಲ್ಬು ತೆಗೆದಿದ್ದೇನೆ. ಸೈಕಲ್ ಬರಿದೇ ನಿಂತಿದೆ. ದೊಡ್ಡಾಯಿ ಅದರ ಹ್ಯಾಂಡಲಿಗೆ ಒದ್ದೆ ಬಟ್ಟೆ ಹಾಕುತ್ತಾಳೆ.

ಒಂದು ಮಾತು ಕೇಳುತ್ತೇನೆ. ಲೆಕ್ಕಕ್ಕಲ್ಲ, ಎಲ್ಲೂ ಬರೆದಿಟ್ಟುಕೊಳ್ಳುವುದಿಲ್ಲ. ಆ ಲಾರಿ ನಿನಗೆ ಸಿಕ್ಕಿದ್ದು ಎಲ್ಲಿ? ಅವರ್ಸಾದಲ್ಲಾ, ಹಾರವಾಡದಲ್ಲಾ? ಎಲ್ಲಿಯವರೆಗೆ ಇತ್ತು? ಅದು ಬಿಟ್ಟುಹೋದ ಮೇಲೆ, ಗಾಳಿ ತಿರುಗಿ ಎದೆಗೆ ಹೊಡೆದಾಗ, ಬಿಣಗಾ ಏರನ್ನು ಒಬ್ಬಳೇ ಹೇಗೆ ಹತ್ತಿದೆ?

ಬರೆಯದಿದ್ದರೂ ಅಡ್ಡಿಲ್ಲ. ಬರುವ ರವಿವಾರ ಬೆಳಗಿನ ಬಸ್ಸಿಗೆ ಸ್ಲೇಟು ಹಿಡಿದುಕೊಂಡು ಬರ್ತೇನೆ. ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂತಿರ್ತೇನೆ. ನಾನು ಎರಡು ಬಸ್ಸು ಬಿಡಬೇಕಾಗಿದೆ.

ನಿನ್ನ
ದೊಡ್ಡಪ್ಪ